ಅರಬೈಲ್ ಘಟ್ಟ ಕೇಳುವ ಪ್ರಶ್ನೆ

ಕಾರು ಕೊಳ್ಳುವವರು ಪರಿಚಯದಲ್ಲಿ ಯಾರಾದರೂ ಮೋಟಾರು ಹುಚ್ಚಿನವರಿದ್ದರೆ ಅವರ ಅಭಿಪ್ರಾಯ ಕೇಳುವುದು ವಾಡಿಕೆ. ಆ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇರುವುದರಿಂದ ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಬಂದು ವಿಚಾರಿಸುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಲೀಟರಿಗೆ ಎಷ್ಟು ಕೊಡುತ್ತದೆ? ಘಟ್ಟ ಹತ್ತುತ್ತದೆಯೇ? ನಾಲ್ಕು ವರ್ಷ ಬಿಟ್ಟು ಮಾರಿದರೆ ಎಷ್ಟು ಬರುತ್ತದೆ? ಪತ್ರಿಕೆಗಳ ವಾಹನ ಪುಟಗಳೂ ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬ ಅಂಕಿಯಂತೂ ಇದ್ದೇ ಇರುತ್ತದೆ. ಆದರೆ ತುಂಬಿದ ಗಾಡಿ ಘಟ್ಟವನ್ನು ಹೇಗೆ ಇಳಿಯುತ್ತದೆ ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ವಾಹನವೊಂದರ ನಿಜವಾದ ಯೋಗ್ಯತೆ ಗೊತ್ತಾಗುವುದು ಅಲ್ಲೇ ಎಂಬುದು ನನ್ನ ನಂಬಿಕೆ. ಆ ಪಾಠವನ್ನು ನನಗೆ ಕಲಿಸಿದ್ದು ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಟ್ಟ.

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಯಲ್ಲಾಪುರದವರೆಗೆ ಅಂಥ ತೊಂದರೆಯನ್ನೇನೂ ಕೊಡುವುದಿಲ್ಲ. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವ ಆ ಊರನ್ನು ದಾಟಿ, ಇಡಗುಂದಿಯನ್ನು ಹಿಂದೆ ಬಿಟ್ಟ ಮೇಲೆ ನೆಲ ಕುಸಿಯತೊಡಗುತ್ತದೆ. ಪಕ್ಕದಲ್ಲೇ ಹರಿಯುವ ಬೇಡ್ತಿ ನದಿ ಇದೇ ಮಲೆಯ ಅಂಚಿನಿಂದ ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿಬಿಡುತ್ತದೆ. ನದಿಗೆ ಆ ಸ್ವಾತಂತ್ರ್ಯವಿದೆ. ರಸ್ತೆಗೆ ಅದಿಲ್ಲದ್ದರಿಂದ ಅದು ಕಾಡಿನ ನಡುವೆ ತಿರುವಿನ ಮೇಲೆ ತಿರುವು ಹಾಕಿಕೊಂಡು ಇಳಿಯುತ್ತದೆ. ಕೆಳಗೆ ಗುಳ್ಳಾಪುರದ ಹತ್ತಿರ ಇವೆರಡೂ ಮತ್ತೆ ಭೇಟಿಯಾಗುವ ಹೊತ್ತಿಗೆ ಬೇಡ್ತಿಗೆ ಗಂಗಾವಳಿ ಎಂಬ ಹೆಸರು ಬಂದಿರುತ್ತದೆ. ಮುಂದೆ ರಾಮನಗುಳಿ, ಸುಂಕಸಾಳದ ಮೇಲೆ ಹಾದು ಸಮುದ್ರದ ಕಡೆಗೆ ದಾರಿ.

ಈ ದಾರಿಯ ಚರಿತ್ರೆಯಲ್ಲಿ ಒಂದು ವಿಶೇಷವಿದೆ. ಭಾರವಾದ ಸರಕು ಇಲ್ಲಿ ಎಂದಿನಿಂದಲೂ ಮೇಲಿನಿಂದ ಕೆಳಕ್ಕೇ ಸಾಗಿದೆ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿ ಇತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದ ಕಾಲ ಅದು. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸಬೇಕೆಂದು ಮುಂಬಯಿಯ ವರ್ತಕರು ಒತ್ತಾಯಿಸಿದರು. ಘಟ್ಟದ ಗಾಡಿರಸ್ತೆಗಳಿಗೆ ಮಹತ್ವ ಬಂದದ್ದು ಹಾಗೆ. 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಮೂಲಕ ಮುರ್ಮಗೋವಾ ಬಂದರಿಗೆ ರೈಲು ಓಡತೊಡಗಿದಾಗ ಕಾರವಾರದ ವ್ಯಾಪಾರ ಕುಗ್ಗಿತು. ಆದರೂ ಘಟ್ಟದ ದಾರಿಯಲ್ಲಿ ಸಂಚಾರ ನಿಲ್ಲಲಿಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ಯೋಜನೆಗೆ 1990ರ ದಶಕದ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತಾದರೂ ಕಾಡಿನ ಪ್ರಶ್ನೆ ಎದ್ದು ಅದು ದಶಕಗಳ ಕಾಲ ಎಳೆದಾಡಿತು. ಹೀಗಾಗಿ ರೈಲು ಹೊರಬೇಕಾಗಿದ್ದ ಹೊರೆಯೂ ರಸ್ತೆಯ ಮೇಲೆಯೇ ಬಿತ್ತು.

ಹತ್ತುವ ಕಷ್ಟ ಕಳೆದ ಬಗೆ

ಹಳಬರಿಗೆ ಘಟ್ಟವೆಂದರೆ ಮೊದಲು ನೆನಪಾಗುವುದು ಕುದಿಯುವ ರೇಡಿಯೇಟರು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್, ಫಿಯಟ್ 1100 ಎಂದು ಬಂದು ಮುಂದೆ ಪ್ರೀಮಿಯರ್ ಪದ್ಮಿನಿ ಎನ್ನಿಸಿಕೊಂಡ ಕಾರು, ಇವೆರಡೇ ನಮ್ಮ ರಸ್ತೆಗಳನ್ನು ಆಳುತ್ತಿದ್ದ ಕಾಲದಲ್ಲಿ ಅಂಕೋಲೆಯ ಕಡೆಯಿಂದ ಹತ್ತಿ ಬರುವ ಕಾರುಗಳು ತಿರುವಿನಲ್ಲಿ ಬಾನೆಟ್ ಎತ್ತಿಕೊಂಡು ಹಬೆ ಬಿಡುತ್ತ ನಿಂತಿರುವುದು ಸಾಮಾನ್ಯ ನೋಟವಾಗಿತ್ತು. ಡಿಕ್ಕಿಯಲ್ಲಿ ಒಂದು ಕ್ಯಾನು ನೀರಿಲ್ಲದೆ ಯಾರೂ ಘಟ್ಟಕ್ಕೆ ಹೊರಡುತ್ತಿರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ, ಮೂರೇ ಸಿಲಿಂಡರಿನ, 796 ಸಿಸಿಯ ಈ ಪುಟ್ಟ ಗಾಡಿ ಘಟ್ಟ ಹತ್ತೀತೇ ಎಂದು ನಕ್ಕವರಿದ್ದರು. ಅದು ಹತ್ತಿತು, ಕುದಿಯದೆಯೇ ಹತ್ತಿತು. ಎಂಜಿನ್ ಸಣ್ಣದಾದರೂ ಕಾರಿನ ತೂಕ ಅದಕ್ಕೆ ತಕ್ಕಂತೆ ಕಡಿಮೆಯಿತ್ತು. ಅಲ್ಲಿಂದೀಚೆಗೆ ಬಂದ ಕಾರುಗಳಂತೂ ಅರಬೈಲ್ ಘಟ್ಟವನ್ನು ಘಟ್ಟವೆಂದೇ ಗಣಿಸುವುದಿಲ್ಲ. ಟರ್ಬೋ ಎಂಜಿನ್ನಿನ ಇಂದಿನ ಕಾರಿನಲ್ಲಿ ಕೂತವರಿಗೆ ಹತ್ತುತ್ತಿದ್ದೇವೆಂಬ ಅರಿವೂ ಆಗದು. ಹತ್ತುವ ಸಮಸ್ಯೆಯನ್ನು ಮೋಟಾರು ಉದ್ಯಮ ಪೂರ್ತಿಯಾಗಿ ಬಗೆಹರಿಸಿಬಿಟ್ಟಿದೆ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ಇಳಿಯುವ ಲೆಕ್ಕ

ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಇಳಿಯುವಾಗ ಬ್ರೇಕು ಸೋತರೆ ಗಾಡಿ ನಿಲ್ಲುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟು ಸರಳ.

ಬ್ರೇಕು ಮಾಡುವ ಕೆಲಸ ಏನೆಂದು ನೋಡೋಣ. ಎತ್ತರದಲ್ಲಿರುವ ಭಾರ ಕೆಳಗಿಳಿಯುವಾಗ ಅದರಲ್ಲಿ ಅಡಗಿದ್ದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ವೇಗ ಹೆಚ್ಚಬಾರದೆಂದು ನಾವು ಬ್ರೇಕು ತುಳಿದರೆ ಅಷ್ಟೂ ಶಕ್ತಿ ಬ್ರೇಕಿನಲ್ಲಿ ಶಾಖವಾಗುತ್ತದೆ. ನಾಲ್ಕು ಮಂದಿ ಕೂತ ಸಣ್ಣ ಕಾರಿನ ತೂಕ ಒಟ್ಟು 900 ಕಿಲೋ ಎಂದುಕೊಳ್ಳಿ. ಅದು ನೂರು ಮೀಟರ್ ಎತ್ತರ ಇಳಿದರೆ ಹುಟ್ಟುವ ಶಾಖ ಮೂರು ಲೀಟರಿನಷ್ಟು ತಣ್ಣೀರನ್ನು ಕುದಿಸಲು ಸಾಕು. ಒಂದು ದೊಡ್ಡ ಪಾತ್ರೆ ಚಹಾ ಎನ್ನಿ. ಅದೇ ನೂರು ಮೀಟರನ್ನು 25 ಟನ್ ತೂಗುವ ಲಾರಿ ಇಳಿದರೆ ಸುಮಾರು 78 ಲೀಟರ್ ನೀರು ಕುದಿಯುತ್ತದೆ. ನಮ್ಮ ಮಲೆನಾಡಿನ ಬಚ್ಚಲಲ್ಲಿ ಹೂತಿಟ್ಟ ಹಂಡೆಯನ್ನು ನೆನೆಸಿಕೊಂಡರೆ ಅಂದಾಜು ಸಿಕ್ಕೀತು. ಹಂಡೆಯ ಕೆಳಗೆ ಗಂಟೆಗಟ್ಟಲೆ ಬೆಂಕಿ ಉರಿಸಿ ಹುಟ್ಟಿಸುವ ಶಾಖವನ್ನು ಲಾರಿಯ ಬ್ರೇಕುಗಳು ಕೆಲವೇ ನಿಮಿಷಗಳಲ್ಲಿ ನುಂಗಿ ಗಾಳಿಗೆ ಬಿಡಬೇಕು. ಘಟ್ಟ ಇಳಿದು ಮುಗಿಯುವವರೆಗೆ ಇಂಥ ಹಂಡೆ ಒಂದಲ್ಲ, ಹಲವು.

ಶಾಖ ಹೊರಹೋಗುವುದಕ್ಕಿಂತ ಬೇಗ ತುಂಬಿಕೊಂಡರೆ ಏನಾಗುತ್ತದೆ? ಡ್ರಮ್ ಬ್ರೇಕಿನಲ್ಲಿ ಕಬ್ಬಿಣದ ಡ್ರಮ್ಮು ಕಾದು ಹಿಗ್ಗಿ, ಒಳಗಿನಿಂದ ಒತ್ತುವ ಲೈನರಿನಿಂದ ದೂರ ಸರಿಯುತ್ತದೆ. ಲೈನರು ಅತಿಯಾಗಿ ಕಾದಾಗ ಅದರ ಹಿಡಿತವೂ ಕಡಿಮೆಯಾಗುತ್ತದೆ. ಕಾರುಗಳಲ್ಲಿ ಮತ್ತೊಂದು ಅಪಾಯವಿದೆ. ನಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಜಾತಿಯದು. ಡಾಟ್ 3 ಎಂಬ ಮಾದರಿಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಆರು ತಿಂಗಳು ಮಳೆಯ ತೇವದಲ್ಲೇ ಓಡಾಡುವ ನಮ್ಮ ಸೀಮೆಯ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಾಯಿಸುವವರು ಎಷ್ಟು ಮಂದಿ ಇದ್ದಾರು? ಬಣ್ಣಕ್ಕೆ ಪಾಲಿಶ್ ಹಾಕಿಸುವವರು ಅದಕ್ಕಿಂತ ಹೆಚ್ಚು.

ನನಗೆ ಈ ಪಾಠವಾದದ್ದು ಪುಸ್ತಕದಿಂದಲ್ಲ. ಹಲವು ವರ್ಷಗಳ ಹಿಂದೆ ಅಂಕೋಲೆಯ ಕಡೆಗೆ ಮದುವೆಗೆಂದು ಹಳೆಯ ಕಾರೊಂದರಲ್ಲಿ ಐದು ಮಂದಿ ಸಾಮಾನು ಸಹಿತ ಹೊರಟಿದ್ದೆವು. ಮುಂದೆ ಸಾಲಾಗಿ ಲಾರಿಗಳು. ನಾನು ಮೂರನೇ ಗೇರಿನಲ್ಲಿ ಕ್ಲಚ್ಚು ಅದುಮಿಕೊಂಡು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆ. ಪಕ್ಕದಲ್ಲಿ ಕೂತವರು, "ಎಂತೋ ಸುಟ್ ವಾಸ್ನೆ ಬತ್ತಾ ಇದ್ದಲ, ಭಾವ" ಎಂದರು. ಮುಂದಿನ ತಿರುವಿನಲ್ಲಿ ಪೆಡಲ್ಲು ಎಂದಿಗಿಂತ ಆಳಕ್ಕೆ ಹೋಯಿತು. ಎರಡನೇ ಸಲ ತುಳಿದಾಗ ಇನ್ನೂ ಆಳಕ್ಕೆ. ಗಾಬರಿಯಲ್ಲಿ ಗೇರು ಇಳಿಸಿ, ಹ್ಯಾಂಡ್ ಬ್ರೇಕು ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ತಾಗಿಸಿ ಹೇಗೋ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯ ಚಾಲಕ, ಹುಬ್ಬಳ್ಳಿ ಕಡೆಯವರು, ಗಾಡಿ ನಿಲ್ಲಿಸಿ ಇಳಿದು ಬಂದು ಚಕ್ರಗಳನ್ನು ಮೂಸಿ ನೋಡಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಯಾವ ಗೇರಿನ್ಯಾಗ ಹತ್ತತೀರಿ, ಅದ ಗೇರಿನ್ಯಾಗ ಇಳೀರಿ ಸಾಹೇಬ್ರ. ಬ್ರೇಕ್ ಇರೋದು ನಿಲ್ಲಾಕ, ಇಳ್ಯಾಕ ಅಲ್ಲ." ಅರ್ಧ ಗಂಟೆ ಆರಿಸಿಕೊಂಡ ಮೇಲೆ ಬ್ರೇಕು ಮರಳಿ ಬಂತು. ತಪ್ಪು ಕಾರಿನದಲ್ಲ, ನನ್ನದೇ.

ನ್ಯೂಟ್ರಲ್ ಎಂಬ ನಂಬಿಕೆ

ಆ ಚಾಲಕರು ಹೇಳಿದ್ದರಲ್ಲಿ ಇಡೀ ಯಂತ್ರಶಾಸ್ತ್ರವಿದೆ. ಗೇರು ಕೆಳಗಿಳಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಬರುವ ಬಾಗಿಲು ಆಗ ಮುಚ್ಚಿರುವುದರಿಂದ ಪಿಸ್ಟನ್ನುಗಳು ಉಸಿರಿಗೆ ಒದ್ದಾಡುತ್ತವೆ. ಆ ಒದ್ದಾಟವೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಅಂಥ ಬಾಗಿಲಿಲ್ಲ. ಅದರೊಳಗೆ ಒತ್ತಿದ ಗಾಳಿ ಮತ್ತೆ ಹಿಗ್ಗಿ ಪಿಸ್ಟನ್ನನ್ನು ತಳ್ಳಿಬಿಡುವುದರಿಂದ ಹಿಡಿತ ಕಡಿಮೆ. ಅದಕ್ಕಾಗಿಯೇ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕು ಬಂತು. ಹೊಗೆಯ ಕೊಳವೆಗೆ ಒಂದು ಮುಚ್ಚಳವಿಟ್ಟು, ಇಳಿಜಾರಿನಲ್ಲಿ ಅದನ್ನು ಮುಚ್ಚಿ, ಎಂಜಿನ್ ತನ್ನ ಗಾಳಿಯ ವಿರುದ್ಧ ತಾನೇ ದುಡಿಯುವಂತೆ ಮಾಡುವ ಉಪಾಯವದು. ಇದಕ್ಕೂ ಮೇಲಿನದು ರಿಟಾರ್ಡರ್. ಎಣ್ಣೆಯ ಅಥವಾ ವಿದ್ಯುತ್ಕಾಂತದ ತಡೆಯಿಂದ ಗೇರು ಪೆಟ್ಟಿಗೆಯ ಬಳಿಯೇ ವೇಗ ಹಿಡಿದಿಡುವ ಈ ಸಾಧನ ದುಬಾರಿ ಬಸ್ಸುಗಳಲ್ಲಿ ಕಂಡುಬರುತ್ತದೆ.

ಇಷ್ಟೆಲ್ಲ ಇದ್ದೂ ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವ ಚಟ ಹೋಗಿಲ್ಲ. ಎಣ್ಣೆ ಉಳಿಯುತ್ತದೆಂಬುದು ಅದಕ್ಕೆ ಕೊಡುವ ಕಾರಣ. ಕಾರ್ಬ್ಯುರೇಟರ್ ಕಾಲದಲ್ಲಿ ಅದರಲ್ಲಿ ಸ್ವಲ್ಪ ಸತ್ಯವಿತ್ತು. ಈಗಿನ ಎಂಜಿನ್ನುಗಳಲ್ಲಿ ಇಂಧನವನ್ನು ಅಳೆದು ಕೊಡುವ ಕೆಲಸ ಕಂಪ್ಯೂಟರಿನದು. ಗಾಡಿ ಗೇರಿನಲ್ಲಿದ್ದು ಇಳಿಜಾರಿನ ಬಲದಿಂದಲೇ ಎಂಜಿನ್ ತಿರುಗುತ್ತಿದ್ದರೆ ಅದು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಎಂಜಿನ್ ಆರದಿರಲೆಂದು ಮತ್ತೆ ಇಂಧನ ಕೊಡಬೇಕಾಗುತ್ತದೆ. ಅಂದರೆ ಉಳಿತಾಯವೆಂದುಕೊಂಡದ್ದೇ ಖರ್ಚು. ಜೊತೆಗೆ ಜೀವದ ಅಪಾಯ. ಮೈಲೇಜಿನ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಒಂದು ಸಾಲನ್ನು ಪ್ರತಿ ಮಳೆಗಾಲಕ್ಕೊಮ್ಮೆ ಬರೆದರೆ ದೊಡ್ಡ ಉಪಕಾರವಾದೀತು.

ಲಾರಿ ಏಕೆ ಸುದ್ದಿಯಲ್ಲ?

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ನಮ್ಮ ಮೋಟಾರು ಸುದ್ದಿಯೆಲ್ಲ ಕಾರಿನ ಸುದ್ದಿ. ಅರಬೈಲಿನಲ್ಲಿ ಮಾತ್ರ ದಾರಿಯ ಒಡೆಯ ಲಾರಿ. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದ್ದರಿಂದ ನಮ್ಮ ಕಡೆ ಹಿರಿಯರು ಬಹುಕಾಲ ಅದನ್ನು 'ಬೆಂಜ್ ಗಾಡಿ' ಎಂದೇ ಕರೆಯುತ್ತಿದ್ದರು. ದಶಕಗಳ ಕಾಲ ಕಂಪನಿಗಳು ಬರೀ ಚಾಸಿ ಮಾರುತ್ತಿದ್ದವು. ಚಾಲಕ ಕೂರುವ ಕ್ಯಾಬಿನ್ನನ್ನು ಊರಿನ ಬಡಗಿ ಮರದಲ್ಲಿ ಕಟ್ಟುತ್ತಿದ್ದ. ಕಾರು ಕೊಳ್ಳುವವನು ತಾನೇ ಅದರಲ್ಲಿ ಕೂರುತ್ತಾನೆ. ಆದ್ದರಿಂದ ಸುರಕ್ಷತೆ ಕೇಳುತ್ತಾನೆ. ಲಾರಿಯ ಮಾಲೀಕ ಅದರಲ್ಲಿ ಕೂರುವುದು ಅಪರೂಪ. ಎರಡರ ಸುಧಾರಣೆಯ ವೇಗ ಬೇರೆಯಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಈ ಘಟ್ಟದ ಮೂಲಕವೇ ಬೇಲೇಕೇರಿ ಮತ್ತು ಕಾರವಾರ ಬಂದರುಗಳಿಗೆ ಇಳಿಯಿತು. ಹಗಲು ರಾತ್ರಿಯೆನ್ನದೆ ಸಾಲುಗಟ್ಟಿದ ಕೆಂಪು ಧೂಳಿನ ಲಾರಿಗಳನ್ನು ದಾರಿಯ ಊರಿನವರು ಮರೆತಿಲ್ಲ. ಮಿತಿ ಮೀರಿ ಹೇರುವುದೇ ಆಗ ನಿಯಮದಂತಾಗಿತ್ತು. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವ ಚಾಲಕನಿಗೆ ನಿಧಾನವೆಂದರೆ ನಷ್ಟ. ಆದರೆ ನಿಧಾನವೇ ಬ್ರೇಕಿನ ಔಷಧ. ಅರ್ಧ ವೇಗದಲ್ಲಿ ಇಳಿದರೂ ಹುಟ್ಟುವ ಒಟ್ಟು ಶಾಖ ಹೆಚ್ಚು ಕಡಿಮೆ ಅಷ್ಟೇ ಇರಬಹುದು, ಅದು ಆರಲು ಸಿಗುವ ಸಮಯ ಮಾತ್ರ ಎರಡು ಪಟ್ಟು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಘಟ್ಟಕ್ಕೆ ಉಸಿರು ಬಂದದ್ದು ಹಾಗೆಯೇ ಹೊರತು, ಲಾರಿಯ ಬ್ರೇಕಿನ ಬಗ್ಗೆ ಯಾರೋ ಯೋಚಿಸಿದ್ದರಿಂದಲ್ಲ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿಯನ್ನು ಏರಿಸಿತು. ಮೂರು ಆಕ್ಸಲಿನ ಲಾರಿಗೆ 25 ಟನ್ ಇದ್ದದ್ದು 28.5 ಟನ್ ಆಯಿತು. ಉದ್ಯಮದ ಸುದ್ದಿಯಲ್ಲಿ ಇದನ್ನು ಸಾಗಣೆಯ ಖರ್ಚು ಇಳಿಸುವ ಕ್ರಮವೆಂದು ವರ್ಣಿಸಲಾಯಿತು. ಬಯಲುಸೀಮೆಯ ನೇರ ರಸ್ತೆಯಲ್ಲಿ ಅದು ನಿಜವಿರಬಹುದು. ನಮ್ಮ ಹಂಡೆಯ ಲೆಕ್ಕದಲ್ಲಿ ಮಾತ್ರ ನೂರು ಮೀಟರಿಗೆ 78 ಲೀಟರ್ ಇದ್ದದ್ದು 89 ಲೀಟರ್ ಆಯಿತು. ಮಿತಿ ಮೀರಿದವರಿಗೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ. ದಂಡ ಒಳ್ಳೆಯದೇ. ಆದರೆ ತೂಕ ನೋಡುವುದು ಘಟ್ಟದ ತಲೆಯಲ್ಲಿ ನಡೆದರೆ ತಾನೇ ಪ್ರಯೋಜನ?

ಕಾರುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಶುರುವಾಗಿ, 3.5 ಟನ್‌ವರೆಗಿನ ಕಾರುಗಳಿಗೆ ನಕ್ಷತ್ರ ಕೊಡುವ ಪದ್ಧತಿ ಬಂತು. ಇವೆಲ್ಲ ಸ್ವಾಗತಾರ್ಹವೇ. ಆದರೂ ಎಬಿಎಸ್ ಚಕ್ರ ಜಾರದಂತೆ ತಡೆಯುತ್ತದೆ, ಕಾದ ಬ್ರೇಕನ್ನು ತಣಿಸುವುದಿಲ್ಲ. ನಕ್ಷತ್ರ ಮುಖ್ಯವಾಗಿ ಡಿಕ್ಕಿಯಾದಾಗ ಒಳಗಿದ್ದವರ ಗತಿಯೇನೆಂದು ಹೇಳುತ್ತದೆ, ಘಟ್ಟ ಇಳಿಯುವ ಗುಣವನ್ನಲ್ಲ.

2025ರ ಜನವರಿ 22ರಂದು ಬೆಳಗಿನ ಜಾವ ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ, ಹಣ್ಣು ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಇದೇ ಹೆದ್ದಾರಿಯಿಂದ ಕಂದಕಕ್ಕೆ ಉರುಳಿತು. ಸರಕಿನ ಜೊತೆಯಲ್ಲೇ ಕೂತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಎದುರಿನ ವಾಹನಕ್ಕೆ ದಾರಿ ಬಿಡುವಾಗ ಲಾರಿ ಅಂಚಿಗೆ ಸರಿಯಿತೆಂದು ವರದಿಗಳು ಹೇಳಿದವು. ಅಲ್ಲಿ ಬ್ರೇಕಿನ ಮಾತಿಲ್ಲ. ಆದರೆ ಮಾಲಿನ ಮೇಲೆ ಮನುಷ್ಯರು ಕೂತಾಗ ಗಾಡಿಯ ಭಾರವೂ ಏರುತ್ತದೆ, ಅದರ ಗುರುತ್ವ ಕೇಂದ್ರವೂ ಏರುತ್ತದೆ. ಅಂಚಿನಲ್ಲಿ ಮಗುಚಲು ಸ್ವಲ್ಪವೇ ಸಾಕು. ಅವರನ್ನು ಹಿಡಿದಿಡಲು ಸೀಟೂ ಇಲ್ಲ, ಬೆಲ್ಟೂ ಇಲ್ಲ. ಬೆಳಗಿನ ಸಂತೆಗೆ ಮಾಲಿನ ಜೊತೆ ತಲುಪಬೇಕಾದ ಸಣ್ಣ ವ್ಯಾಪಾರಿಗೆ ತಕ್ಕ ವಾಹನವನ್ನು ನಮ್ಮ ಉದ್ಯಮ ಇಂದಿಗೂ ಯೋಚಿಸಿದಂತಿಲ್ಲ. ಅರ್ಧ ಬಸ್ಸು, ಅರ್ಧ ಲಾರಿಯಾದ ಒಂದು ಗಾಡಿ ಅಷ್ಟು ಕಷ್ಟದ್ದೇ?

ರಸ್ತೆಯ ಪಾಲು, ಬರಲಿರುವ ಗಾಡಿಯ ಪಾಲು

ಗಾಡಿಯದೊಂದೇ ತಪ್ಪಲ್ಲ, ರಸ್ತೆಯದೂ ಇದೆ. ಹಿಂದೆ 63 ಎಂದಿದ್ದ ಈ ಹೆದ್ದಾರಿಗೆ ಹೊಸ ಲೆಕ್ಕದಲ್ಲಿ 52 ಎಂಬ ಸಂಖ್ಯೆ ಬಂತು. ಸಂಖ್ಯೆ ಬದಲಾದರೂ ಗುಡ್ಡದ ಸ್ವಭಾವ ಬದಲಾಗಲಿಲ್ಲ. 2021ರ ಜುಲೈ ಮಳೆಗೆ ಘಟ್ಟದಲ್ಲಿ ಮಣ್ಣು ಕುಸಿದು ಸಂಚಾರವೇ ನಿಂತಿತು. ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕೊಚ್ಚಿಕೊಂಡು ಹೋಯಿತು. ಹೊರದೇಶಗಳ ಘಟ್ಟಗಳಲ್ಲಿ ಬ್ರೇಕು ಕಳೆದುಕೊಂಡ ಲಾರಿಗಾಗಿ ರಸ್ತೆಯ ಪಕ್ಕಕ್ಕೆ ಜಲ್ಲಿ ತುಂಬಿದ ಏರು ದಾರಿ ಮಾಡಿಟ್ಟಿರುತ್ತಾರೆ. ಲಾರಿ ಅದರೊಳಗೆ ನುಗ್ಗಿ ಜಲ್ಲಿಯಲ್ಲಿ ಹೂತು ನಿಲ್ಲುತ್ತದೆ. ನಮ್ಮಲ್ಲಿ ರಸ್ತೆ ಅಗಲ ಮಾಡುವ ಮಾತು ಬಂದಷ್ಟು ಸಲ ಇಂಥ ದಾರಿಗಳ ಮಾತು ಬರುವುದಿಲ್ಲ.

ಈಗ ವಿದ್ಯುತ್ ವಾಹನಗಳ ಸುದ್ದಿ. ಘಟ್ಟದ ದೃಷ್ಟಿಯಿಂದ ಇವು ಆಶೆ ಹುಟ್ಟಿಸುತ್ತವೆ ಎಂದು ನಾನು ಹೇಳಿದರೆ ಪೆಟ್ರೋಲ್ ವಾಸನೆಯ ಅಭಿಮಾನಿಗಳಿಗೆ ಆಶ್ಚರ್ಯವಾದೀತು. ಇಳಿಯುವಾಗ ಅವುಗಳ ಮೋಟಾರು ಜನರೇಟರಾಗಿ ಗಾಡಿಯನ್ನು ಹಿಡಿದಿಡುತ್ತ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. 25 ಟನ್ನಿನ ಲಾರಿ ನೂರು ಮೀಟರ್ ಇಳಿದಾಗ ಹಂಡೆ ಕುದಿಸಿದ ಆ ಶಕ್ತಿ ವಿದ್ಯುತ್ತಿನ ಲೆಕ್ಕದಲ್ಲಿ 6.8 ಯೂನಿಟ್. ಅದರಲ್ಲಿ ಒಂದು ಪಾಲು ಮರಳಿ ಸಿಕ್ಕರೂ ಲಾಭವೇ. ಸ್ವಿಟ್ಜರ್‌ಲೆಂಡಿನ ಕಲ್ಲುಗಣಿಯೊಂದರಲ್ಲಿ ಗುಡ್ಡದಿಂದ ತುಂಬಿಕೊಂಡು ಇಳಿದು, ಖಾಲಿಯಾಗಿ ಹತ್ತುವ ವಿದ್ಯುತ್ ಟಿಪ್ಪರು ಹತ್ತಲು ಬೇಕಾದ ವಿದ್ಯುತ್ತನ್ನು ಇಳಿಯುವಾಗಲೇ ಸಂಪಾದಿಸುತ್ತದೆ. ಭಾರ ಕೆಳಕ್ಕೆ, ಖಾಲಿ ಮೇಲಕ್ಕೆ: ಅರಬೈಲಿನ ಒಂದೂವರೆ ಶತಮಾನದ ಕಥೆಯೂ ಅದೇ ಅಲ್ಲವೇ? ಒಂದು ಎಚ್ಚರ ಮಾತ್ರ ಬೇಕು. ಯಲ್ಲಾಪುರದಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿಯಲು ಹೊರಟರೆ ಹೊಸ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಆಗ ಮತ್ತೆ ಹಳೆಯ ಬ್ರೇಕೇ ಗತಿ. ತುಂಬಿದ ಕೊಡಕ್ಕೆ ನೀರು ಹಿಡಿಯಲಾದೀತೇ?

ಆದ್ದರಿಂದ ಮುಂದಿನ ಸಲ ಯಾರಾದರೂ ಹೊಸ ಗಾಡಿಯನ್ನು ಹೊಗಳಿದರೆ, ಹತ್ತುವ ಮಾತನ್ನು ಅಷ್ಟಕ್ಕೇ ಬಿಟ್ಟು ಇಳಿಯುವ ಮಾತನ್ನು ಕೇಳಿ ನೋಡಿ. ಲಾರಿಯ ಸುದ್ದಿಯನ್ನೂ ಕೇಳಿ. ಏಕೆಂದರೆ ಘಟ್ಟದಲ್ಲಿ ನಮ್ಮ ಕಾರಿನ ಹಿಂದೆ ಬರುತ್ತಿರುವುದು ಅದೇ, ಅದರ ಬ್ರೇಕು ನಮ್ಮ ಬ್ರೇಕೂ ಹೌದು. ನಾನಂತೂ ಇಡಗುಂದಿ ದಾಟಿದ ಮೇಲೆ ಎರಡನೇ ಗೇರಿಗೆ ಇಳಿದುಬಿಡುತ್ತೇನೆ. ಹಿಂದಿನವರು ಹಾರ್ನು ಹೊಡೆಯುತ್ತಾರೆ. ಹೊಡೆಯಲಿ. ಅಂಕೋಲೆ ಎಲ್ಲಿಗೂ ಓಡಿಹೋಗುವುದಿಲ್ಲ.